ಕಂಪ್ಯೂಟರ್ ಸಾಹುಕಾರ ಮಾಡಿಸಿದ ಬೀಗರೂಟ

ಒಳ್ಳೆಯ ಪುಸ್ತಕ ಮನುಷ್ಯನ ಬದುಕನ್ನೇ ಬದಲಿಸುತ್ತದೆ ಎಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾ ವರ್ಷಗಟ್ಟಲೆ ಹೇಳಿಕೊಂಡು ಬಂದವಳು ನಾನು. ಇದುವರೆಗೆ ಒಂದು ಮಗುವೂ ಬದಲಾಗಿರಲಿಲ್ಲ. ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೆ! ನನ್ನ ಮಾತನ್ನು ಅಕ್ಷರಶಃ ನಂಬುವವನು ಈ ಭೂಮಿಯ ಮೇಲೆ ಒಬ್ಬನಿದ್ದಾನೆ, ಅವನು ನನ್ನ ಸ್ವಂತ ತಮ್ಮ, ಮೇಲಾಗಿ ಅಡುಗೆ ಕಂಟ್ರಾಕ್ಟರು ಎಂಬುದು ಮಾತ್ರ ಹೊತ್ತಿಗೆ ಸರಿಯಾಗಿ ಹೊಳೆಯಲಿಲ್ಲ.

ತಮ್ಮ ಕೆಂಪರಾಜು ಬೆಸಗರಹಳ್ಳಿಯಲ್ಲಿದ್ದಾನೆ. ಮದುವೆಯ ಸಿಹಿಯೂಟವನ್ನು ಯಾರು ಬೇಕಾದರೂ ಮಾಡಿಯಾರು. ಮದುವೆ ಮುಗಿದ ಮೇಲೆ ಗಂಡಿನ ಕಡೆಯವರೊಮ್ಮೆ, ಹೆಣ್ಣಿನ ಕಡೆಯವರೊಮ್ಮೆ ಹಾಕುವ ಬಾಡೂಟಕ್ಕೆ ಮಾತ್ರ ಮದ್ದೂರಿನಿಂದ ಮಳವಳ್ಳಿಯವರೆಗೂ ಕೆಂಪರಾಜುವೇ ಆಗಬೇಕು. ಅಂಥವನು ಒಂದು ಭಾನುವಾರ ಮಂಡ್ಯದ ಗುತ್ತಲಿನ ನಮ್ಮ ಮನೆಗೆ ಬಂದು, ತಲೆ ಮೇಲೆ ಕೈ ಹೊತ್ತು ಕುಳಿತ.

“ಸಾಕಾಗೋಯ್ತು ಕಣಕ್ಕ. ಬೋಟಿ ಗೊಜ್ಜು ನೋಡಕ್ಕೋದ್ರೆ ಕೈಮಾ ಸೀದೋಯ್ತದೆ. ಕೈಮಾ ನೋಡಕ್ಕೋದ್ರೆ ಮುದ್ದೆ ಗಂಟಾಯ್ತದೆ. ಇರೋ ಎಲ್ಡು ಕೈಲಿ ಎಷ್ಟು ಒಲೆ ನೋಡ್ಲಿ?”

ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು. ಶಾಲೆಯ ಸಮಾರಂಭವೊಂದರಲ್ಲಿ ಶಾಲುಗಳು ಸಾಲದೆ ಬಂದು ನನ್ನ ಪಾಲಿಗೆ ಒಂದು ದಪ್ಪ ಪುಸ್ತಕ ಬಿದ್ದಿತ್ತು. ಅದನ್ನು ಕಪಾಟಿನಿಂದ ಇಳಿಸಿ, ಧೂಳು ಹೊಡೆದು, ಅವನ ಕೈಗಿಟ್ಟೆ.

“ತಗೋ, ಇದನ್ನ ಓದು. ಪರದೇಶದ ಒಬ್ಬ ಕಂಪ್ಯೂಟರ್ ಸಾಹುಕಾರನ ಜೀವನಚರಿತ್ರೆ. ಮುಳುಗಿಹೋಗಿದ್ದ ಕಂಪನಿಯನ್ನ ಎತ್ತಿ ನಿಲ್ಲಿಸಿದ ಮಹಾನುಭಾವ! ವ್ಯಾಪಾರ ಮಾಡೋರು ಓದಲೇಬೇಕಾದ ಪುಸ್ತಕ.”

“ನೀನು ಓದಿದ್ದೀಯಾ?” ಎಂಬ ಪ್ರಶ್ನೆ ಪೇಪರಿನ ಹಿಂದಿನಿಂದ ಬಂತು. ನಮ್ಮ ಯಜಮಾನರು.

ನನಗೆ ಕೇಳಿಸಲಿಲ್ಲ. ನಿಜ ಹೇಳಬೇಕೆಂದರೆ ಸಾಹುಕಾರ ಹುಟ್ಟುವವರೆಗೆ ಓದಿದ್ದೆ. ಅವನ ತಾತನ ಕಾಲದ್ದೇ ಮೂರು ಅಧ್ಯಾಯವಿತ್ತು, ಅಷ್ಟರಲ್ಲಿ ನನಗೆ ನಿದ್ದೆ ಬಂದಿತ್ತು. ಉಳಿದದ್ದೆಲ್ಲ ಹಿಂದಿನ ರಟ್ಟಿನ ಮೇಲೆ ಬರೆದಿತ್ತಲ್ಲ!

ಕೆಂಪರಾಜು ಓದಿದ. ಒಲೆಯ ಮುಂದೆ ಕುಳಿತು ಓದಿದ. ಓದಿ ಓದಿ ಫೋನು ಮಾಡತೊಡಗಿದ.

“ಅಕ್ಕ, ಬಲೇ ಆಸಾಮಿ ಕಣಕ್ಕ ಇವ್ನು! ಆ ಕಂಪ್ನಿಲಿ ಕಂಡಾಪಟ್ಟೆ ಮಿಸಿನ್ನು ಮಾಡ್ತಿದ್ರಂತೆ. ಬಂದವ್ನೇ ಎಲ್ಲಾನೂ ಕಿತ್ತಾಕಿ, ಒಂದೇ ಒಂದು ಮಾಡ್ರುಲಾ, ಆದ್ರೆ ಸರ್ಯಾಗಿ ಮಾಡ್ರುಲಾ ಅಂದ್ನಂತೆ.”

“ನೋಡಿದ್ಯಾ? ನಾನು ಹೇಳಲಿಲ್ವಾ?”

“ಏನೇ ಕಂಡ್ರೂ ಇದ್ಯಾಕೆ ಬೇಕು ಅಂತ ಕೇಳ್ಬೇಕಂತೆ. ನೀನೇ ಯೇಳಕ್ಕ, ಉಪ್ಪಿನ್ಕಾಯಿ ಯಾಕ್ ಬೇಕು?”

“ಬೇಡ ಬಿಡು,” ಎಂದೆ ಉದಾರವಾಗಿ. ತಮ್ಮ ವಿಚಾರವಂತನಾಗುತ್ತಿದ್ದಾನೆ ಎಂದು ಯಜಮಾನರ ಎದುರು ಬೀಗಿದ್ದೂ ಆಯಿತು.

ಇದಾದ ಸ್ವಲ್ಪ ದಿನಕ್ಕೇ ನನ್ನ ಮಗನ ಮದುವೆ ಬಂತು. ಹೆಣ್ಣು ಮಳವಳ್ಳಿ ಕಡೆಯವಳು. ಹುಡುಗಿ ಚಿನ್ನದಂಥವಳು, ಆದರೆ ಅವಳಿಗೊಬ್ಬರು ದೊಡ್ಡಪ್ಪ ಇದ್ದರು, ನಿಂಗೇಗೌಡರು. ಹಿಂದೆ ಯಾವುದೋ ಬೀಗರೂಟದಲ್ಲಿ ತಮ್ಮ ಎಲೆಗೆ ಈಲಿಯ, ಅಂದರೆ ಲಿವರಿನ, ತುಂಡು ಬೀಳಲಿಲ್ಲವೆಂದು ಅರ್ಧಕ್ಕೇ ಎಲೆ ಮಡಚಿ ಎದ್ದವರು, ಆ ಮನೆಯ ಹೊಸಿಲನ್ನು ಮತ್ತೆ ತುಳಿದಿಲ್ಲವಂತೆ! ಸೊಸೆ ಬೆಳೆದದ್ದೇ ಅವರ ತೊಡೆಯ ಮೇಲೆ. ಅವರು ಮುನಿಸಿಕೊಂಡರೆ ಆ ಹುಡುಗಿ ನಮ್ಮ ಮನೆಯಲ್ಲಿ ಕಣ್ಣೀರು ಹಾಕಿಕೊಂಡು ಕೂರಬೇಕು.

“ಏನು ಹೆಚ್ಚುಕಮ್ಮಿಯಾದರೂ ಪರವಾಗಿಲ್ಲ, ಊಟ ಒಂದು ಸರಿಯಾಗಿರಲಿ ಕಣೇ,” ಎಂದರು ಯಜಮಾನರು.

“ನನ್ನ ತಮ್ಮ ಇದ್ದಾನೆ. ನೀವು ಸುಮ್ಮನಿರಿ!” ಎಂದೆ.

ಬೀಗರೂಟದ ದಿನ ಮಂಡ್ಯದ ಛತ್ರಕ್ಕೆ ಹೋಗಿ ನೋಡಿದರೆ ಅಡುಗೆಮನೆಯ ಬಾಗಿಲಿಗೆ ಟಾರ್ಪಾಲು ಕಟ್ಟಿದೆ. ಮುಂದೆ ಪುಸ್ತಕದ ಸಾಹುಕಾರನ ಹಾಗೆ ಕಪ್ಪು ಟೀ ಶರ್ಟು ತೊಟ್ಟು ಕೆಂಪರಾಜು ಕಾವಲು ನಿಂತಿದ್ದಾನೆ. ಲುಂಗಿ ಮಾತ್ರ ಹಳೆಯದೇ.

“ಒಳಕ್ಕೆ ಯಾರೂ ಬರಂಗಿಲ್ಲ ಕಣಕ್ಕ. ಆ ಸಾವ್ಕಾರ ಮಿಸಿನ್ ಈಚೆಗೆ ತರೋಗಂಟ ಕಟ್ಕೊಂಡ ಎಂಡ್ರಿಗೂ ತೋರುಸ್ತಿರ್ನಿಲ್ವಂತೆ.”

ಅಕ್ಕನಿಗೇ ಅಡ್ಡಿಯೇ? ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದೆ. ಸಾಲಾಗಿ ಒಲೆಗಳಿದ್ದವು. ಉರಿಯುತ್ತಿದ್ದದ್ದು ಎರಡೇ.

“ಬೋಟಿ ಎಲ್ಲೋ?”

“ಯಾಕ್ ಬೇಕು?”

“ಕೈಮಾ ಉಂಡೆ?”

“ಯಾಕ್ ಬೇಕು?”

“ಅಯ್ಯೋ ಪಾಪಿ, ಚಿಕನ್ನಾದ್ರೂ ಮಾಡಿದ್ದೀಯೇನೋ?”

“ಅಕ್ಕ, ಕುರಿ ಬಾಡಿನ ಸಾರು, ಮುದ್ದೆ. ಮುಗೀತು! ಎಲ್ಡು ಒಲೆ, ಎಲ್ಡು ಕೈ. ಜನ್ಮದಾಗೆ ಇಂತಾ ಸಾರು ಮಾಡಿಲ್ಲ ನಾನು. ಎಲ್ಲಾ ನೀನು ಕೊಟ್ಟ ಪುಸ್ತಕದ ಪುಣ್ಯ.”

“ಅನ್ನ?”

“ಮುದ್ದೆ ಉಂಡ್ಮೇಲೆ ಅನ್ನ ಯಾಕ್ ಬೇಕು?”

ಕೈಮುಗಿದು, ಅತ್ತು, ತಾಯಿ ಮೇಲೆ ಆಣೆ ಹಾಕಿದ ಮೇಲೆ ಅನ್ನಕ್ಕೆ ಒಪ್ಪಿದ. ಅಷ್ಟರಲ್ಲಿ ಮಳವಳ್ಳಿಯ ಬಸ್ಸು ಛತ್ರದ ಮುಂದೆ ಬಂದು ನಿಂತಿತು. ಮೊದಲು ಇಳಿದವರೇ ನಿಂಗೇಗೌಡರು!

ನಾನು ಓಡಿಹೋಗಿ ಯಜಮಾನರ ಕೈಹಿಡಿದೆ. “ರೀ, ಎಲ್ಲಿಗಾದರೂ ಹೋಗಿ ಏನಾದರೂ ತನ್ನಿ! ಎಲೆ ಮೇಲೆ ಐಟಂ ಜಾಸ್ತಿ ಕಾಣಬೇಕು!”

ನಮ್ಮ ಯಜಮಾನರು ಹೇಳಿದ ಮಾತನ್ನು ಮೀರುವವರಲ್ಲ. ಸ್ಕೂಟರಿನಲ್ಲಿ ಹೋದವರು, ಬಡಿಸುವ ಹೊತ್ತಿಗೆ ಸರಿಯಾಗಿ ಡಬ್ಬ ಹೊತ್ತು ಬಂದರು. ತೆರೆದರೆ ಮದ್ದೂರು ವಡೆ!

“ಬಾಡೂಟಕ್ಕೆ ಮದ್ದೂರು ವಡೆಯಾ?”

“ಏನಾದರೂ ಅಂದೆಯಲ್ಲ. ಬಿಸಿಯಾಗಿದೆ ನೋಡು,” ಎಂದರು.

ನಾನು ಬಾಯಿ ಮುಚ್ಚಿ ತೆರೆಯುವುದರೊಳಗೆ ಬಡಿಸುವವರು ಡಬ್ಬ ಎತ್ತಿಕೊಂಡು ಹೋಗಿ ಎಲೆಗೊಂದರಂತೆ ಇಟ್ಟೇಬಿಟ್ಟರು. ನಿಂಗೇಗೌಡರು ವಡೆಯನ್ನು ತಿರುವಿ ಮುರುವಿ ನೋಡಿ ಕೇಳಿದರು: “ಇದ್ಯಾನ್ರಪ್ಪಾ? ಟೀ ಕೊಟ್ಟು ಕಳುಸ್ಬುಡಾ ಯೋಚ್ನೆಯಾ?”

ಸಾಲಿಗೆ ಸಾಲೇ ನಕ್ಕಿತು. ಅವರು ನಗಲಿಲ್ಲ. ನಾನು ನೀರಿನ ಡ್ರಮ್ಮಿನ ಹಿಂದೆ ಸರಿದು ನಿಂತೆ. ಆಗ ಮೈಕು ಕರಕರ ಎಂದಿತು. ಕೆಂಪರಾಜು!

“ಎಲ್ಲಾ ಬೀಗರ್ಗೂ ನಮಸ್ಕಾರ. ಇವತ್ತು ಒಂದೇ ಐಟಂ. ಇದು ನನ್ ತಲೆಗೆ ಒಳ್ದಿದ್ದಲ್ಲ. ನಮ್ಮಕ್ಕ ಟೀಚರಮ್ಮ ಒಂದು ಪುಸ್ತಕ ಕೊಟ್ರು. ಏನಾರಾ ಯೇಳೋದಿದ್ರೆ ಅವ್ರಿಗೇ ಯೇಳಿ. ಅಗೋ, ಡ್ರಮ್ಮಿನ ಇಂದ್ಗಡೆ ಅವ್ರೆ!”

ಇಡೀ ಛತ್ರ ಡ್ರಮ್ಮಿನ ಕಡೆ ತಿರುಗಿತು. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಛತ್ರದ ನೆಲಕ್ಕೆ ಗ್ರಾನೈಟು ಹಾಸಿದ್ದರು, ಬಿಡಲಿಲ್ಲ.

ನಿಂಗೇಗೌಡರು ಮುದ್ದೆ ಮುರಿದು ಸಾರಿಗೆ ಅದ್ದಿದರು. ಒಂದು ಮುದ್ದೆ ಮುಗಿಯಿತು. ಇನ್ನೊಂದು ಹಾಕಿಸಿಕೊಂಡರು. ಎಲೆ ಮಡಚಿ, ಕೈತೊಳೆದು, ನೇರ ನನ್ನತ್ತಲೇ ಬಂದರು. ಸೊಸೆ ದೂರದಿಂದ ಸೆರಗು ಕಚ್ಚಿಕೊಂಡು ನೋಡುತ್ತಿದ್ದಳು.

“ಟೀಚರಮ್ಮೋರೇ, ಒಂದ್ ಮಾತು.”

“ಗೌಡರೇ, ತಪ್ಪಾಯ್ತು...”

“ಸುಮ್ಕಿರಿ,” ಎಂದು ದನಿ ತಗ್ಗಿಸಿದರು. “ಬರೋ ವಾರ ನಮ್ಮ ಕಡೆ ಊಟ ಅಲ್ವಾ? ನೀವು ಹತ್ತು ಐಟಂ ಆಕುದ್ರೆ ನಾವು ಹನ್ನೆಲ್ಡಾದ್ರೂ ಆಕ್ಬೇಕು. ಕಮ್ಮಿ ಆದ್ರೆ ಊರು ಆಡ್ಕೊಳ್ತದೆ. ಮದ್ವೆ ನಿಸ್ಚಯ ಆದಾಗ್ಲಿಂದ ನಮ್ಮನೇಲಿ ಒಬ್ರಿಗೂ ನಿದ್ದೆ ಇಲ್ಲ. ಗೊತ್ತು ಮಾಡಿದ್ದ ಅಡ್ಗೆಯೋನು ಬ್ಯಾರೆ ಕೈಕೊಟ್ಟವ್ನೆ. ನೀವು ಒಂದಕ್ಕೇ ನಿಲ್ಸಿ ನಮ್ಮ ಮಾನ ಉಳುಸುದ್ರಿ ಕಣವ್ವಾ! ಸಾರಂತೂ ಬಲು ಪಸಂದಾಗಿತ್ತು ಬುಡಿ.”

ನನಗೆ ಹೋದ ಜೀವ ಬಂತು. ಅಲ್ಲೇ ಅವರ ಕಾಲಿಗೆ ಬೀಳೋಣ ಎನ್ನಿಸಿತು. ಎದುರಾಳಿಯ ಭಯದಲ್ಲಿ ನಾನು ನಡುಗುತ್ತಿದ್ದರೆ, ಪಾಪ, ಆ ಮನುಷ್ಯ ನನ್ನ ಭಯದಲ್ಲಿ ನಡುಗುತ್ತಿದ್ದರು! ಹೊರಡುವಾಗ ಅವರು ತಿರುಗಿ ನಿಂತು, “ಎಲ್ಲಾ ಸರಿ, ಆ ವಡೆ ಯಾಕ್ ಬೇಕಿತ್ತು?” ಎಂದರು. ನಾನು ಯಜಮಾನರನ್ನು ನೋಡಿದೆ. ಅವರು ಸೂರು ನೋಡಿದರು.

ಗೌಡರ ಹೆಂಡತಿ ಪುಸ್ತಕವನ್ನೂ ಕೇಳಿ ಪಡೆದರು. “ಅಡ್ಗೆ ಪುಸ್ತಕ ಅಂತಲ್ಲಾ, ನಾವೂ ಓದ್ತೀವಿ,” ಎಂದರು. ಅಲ್ಲವೆಂದು ಹೇಳಲು ಹೋಗಲಿಲ್ಲ. ಅದು ನಮ್ಮ ವಂಶ ಬಿಟ್ಟು ತೊಲಗಿದರೆ ಸಾಕಾಗಿತ್ತು.

ಮರುವಾರ ನಾವೆಲ್ಲ ಮಳವಳ್ಳಿಗೆ ಹೋದೆವು. ಎಲೆ ಹಾಕಿದರು. ಒಂದೇ ಐಟಂ! ಕೆಂಪರಾಜು ಅಂದು ಬೇರೆ ಕಡೆಯ ಊಟ ಒಪ್ಪಿಕೊಂಡಿದ್ದ, ಇನ್ನೊಬ್ಬ ಅಡುಗೆಯವನು ಸಿಗದೆ ನಿಂಗೇಗೌಡರೇ ಮುಂದೆ ನಿಂತು ಮಾಡಿಸಿದ ಸಾರು. ಬಾಯಿಗಿಟ್ಟೆ. ನೀರಿಗೆ ಕುರಿಯ ಪರಿಚಯ ಅಷ್ಟಾಗಿ ಆಗಿರಲಿಲ್ಲ, ಉಪ್ಪಿನ ಸ್ನೇಹ ಮಾತ್ರ ಅತಿಯಾಗಿತ್ತು. ಬೇರೇನಾದರೂ ಇದ್ದಿದ್ದರೆ ಅದನ್ನು ಹೊಗಳುತ್ತಾ ಇದನ್ನು ಎಲೆಯ ಅಂಚಿಗೆ ತಳ್ಳಬಹುದಿತ್ತು. ಬೇರೇನೂ ಇರಲಿಲ್ಲ. ಮಾದರಿ ಹಾಕಿಕೊಟ್ಟವಳು ನಾನೇ!

ನಮ್ಮ ಕಡೆಯ ನೆಂಟರೆಲ್ಲ ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಎದುರು ಸಾಲಿನಿಂದ ಸೊಸೆಯೂ ನೋಡುತ್ತಿದ್ದಳು. ಸೌಟು ಹಿಡಿದು ನಿಂತಿದ್ದ ನಿಂಗೇಗೌಡರು ಮಗುವಿನ ಹಾಗೆ ಕೇಳಿದರು: “ಎಂಗದೆ ಟೀಚರಮ್ಮೋರೇ?”

“ಅದ್ಭುತವಾಗಿದೆ ಗೌಡರೇ!” ಎಂದೆ.

ಅವರು ಖುಷಿಯಾಗಿ ಇನ್ನೆರಡು ಸೌಟು ಸುರಿದರು. ಸೊಸೆ ಮನಸಾರೆ ನಕ್ಕಳು. ನಾನು ಒಂದು ತೊಟ್ಟೂ ಬಿಡದೆ ಉಂಡೆ.