ತಾನಾಗಿ ಇಳಿಯುವವರೆಗೆ

ಎಲ್ಲಕ್ಕೂ ಕಾರಣ ಆ ಹೊಸ ಪ್ಯಾಂಟು ಎಂದು ಕೆಳಮನೆಯ ಟೈಲರ್ ಇವತ್ತಿಗೂ ವಾದಿಸುತ್ತಾನೆ. ಹಳೆಯ ಪ್ಯಾಂಟಾಗಿದ್ದರೆ ಜೇಬು ಸಡಿಲವಾಗಿರುತ್ತಿತ್ತು, ಬೀಗದ ಕೈ ಸಲೀಸಾಗಿ ಹೊರಗೆ ಬರುತ್ತಿತ್ತು, ಅಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ ಎನ್ನುತ್ತಾನೆ. ಆದರೆ ಆ ಬಿಗಿ ಜೇಬನ್ನು ಹೊಲಿದವನೂ ಅವನೇ ಆದ್ದರಿಂದ ಈ ವಾದವನ್ನು ಯಾರೂ ಮುಂದಕ್ಕೆ ಎಳೆಯುವುದಿಲ್ಲ.

ಪ್ಯಾಂಟು ತೊಟ್ಟವನು ನಮ್ಮ ಗುಮಾಸ್ತ. ಬಸ್ ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೌಂಟರಿನಲ್ಲಿ ಅವನಿಗೆ ಕೆಲಸ. ಇಪ್ಪತ್ತಾರು ವರ್ಷಗಳಲ್ಲಿ ಅವನೆದುರು ನಗುತ್ತ ಬಂದು ನಿಂತವರು ಒಬ್ಬರೂ ಇಲ್ಲ. ಸಾಮಾನು ಸಿಗದಿದ್ದರೆ ಅವನೇ ಕದ್ದವನು ಎಂಬಂತೆ ದುರುಗುಟ್ಟಿ ನೋಡುತ್ತಿದ್ದರು. ಸಿಕ್ಕರೆ ಕೊಡೆಯನ್ನು ತಬ್ಬಿಕೊಂಡು ಓಡುತ್ತಿದ್ದರೇ ಹೊರತು ಕೊಟ್ಟವನ ಮುಖ ನೋಡುತ್ತಿರಲಿಲ್ಲ. ಮನೆಯಲ್ಲಿ ಮಾತಿಗೆ ಅಕ್ಕನಾದರೂ ಇದ್ದಳು. ಮಗಳ ಹೆರಿಗೆಗೆಂದು ಹೋದವಳು ಮೊಮ್ಮಗನ ಕೈಗೆ ಸಿಕ್ಕಿಬಿದ್ದು ಅಲ್ಲೇ ಉಳಿದುಬಿಟ್ಟಳು. ಅಂದಿನಿಂದ ಸಂಜೆ ಬಾಗಿಲು ತೆಗೆದರೆ ಎದುರುಗೊಳ್ಳುತ್ತಿದ್ದದ್ದು ಗೋಡೆ ಗಡಿಯಾರ ಮಾತ್ರ. ತನ್ನನ್ನು ಕಂಡು ಖುಷಿಪಡುವ ಒಂದು ಜೀವ ಬಾಗಿಲ ಹಿಂದೆ ಇರಬೇಕು ಎಂಬುದಷ್ಟೇ ಅವನ ಆಸೆಯಾಗಿತ್ತು.

ನಾಯಿಗಳ ಆಶ್ರಯಧಾಮದ ಫೋಟೋಗಳಲ್ಲಿ ಅವನಿಗೆ ಆ ಪುಟ್ಟ ನಾಯಿ ಕಂಡಿತು. ಬೆಳ್ಳಗೆ, ಬಿಡಿಸಿಟ್ಟ ಹತ್ತಿಯಂತಿತ್ತು. ಬಲು ಅಪರೂಪದ ತಳಿ. ಹಿಂದೆ ರಾಣಿಯರ ತೊಡೆಯ ಮೇಲೆ ಕೂರಲೆಂದೇ ಸಾಕುತ್ತಿದ್ದರಂತೆ. ಬೇಟೆ ಬಾರದು, ಕಾವಲು ಬಾರದು, ಜೊತೆಗಿರುವುದೊಂದೇ ಅದರ ಉದ್ಯೋಗ. ತಳಿಯ ಹೆಸರು ಮಾತ್ರ ಒಂದೇ ಉಸಿರಿಗೆ ನಾಲಿಗೆಯ ಮೇಲೆ ಹೊರಳದು. ಗುಮಾಸ್ತ ಅದನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ. ನಾಲ್ಕು ಅರ್ಜಿ ತುಂಬಿದ, ಎರಡು ಸಲ ಹೋಗಿ ಬಂದ. ಕೊನೆಗೆ ಒಂದು ದಿನದ ಪರೀಕ್ಷೆ ನಿಗದಿಯಾಯಿತು. ನಾಲ್ಕು ವರ್ಷಗಳಲ್ಲಿ ಮೊದಲ ಸಲ ರಜೆ ಹಾಕಿ, ಹೊಸ ಪ್ಯಾಂಟು ತೊಟ್ಟು, ಬೆಳಗಿನಿಂದ ಬಾಗಿಲಲ್ಲೇ ನಿಂತಿದ್ದ.

ಹತ್ತು ಗಂಟೆಗೆ ಆಶ್ರಯಧಾಮದಾಕೆ ಬಂದಳು. ಮನೆಯ ಮೂಲೆ ಮೂಲೆ ನೋಡಿದಳು. ಗುಮಾಸ್ತನನ್ನು ಕುರ್ಚಿಯಲ್ಲಿ ಕೂರಿಸಿ ನಾಯಿಯನ್ನು ಅವನ ತೊಡೆಯ ಮೇಲಿಟ್ಟಳು. ಅದು ಎರಡು ಸುತ್ತು ತಿರುಗಿ, ಬಲಗಡೆಯ ಜೇಬಿನ ಮೇಲೆ ಗದ್ದವೂರಿ, ನಿಟ್ಟುಸಿರು ಬಿಟ್ಟು ಮಲಗಿತು.

"ನೋಡಿ ಸಾರ್, ಒಂದೇ ನಿಯಮ. ಇವನು ತಾನಾಗಿ ಇಳಿಯೋವರೆಗೂ ನೀವು ಏಳಬಾರದು. ಇಳಿಸಲೂಬಾರದು. ನಾಲ್ಕು ಗಂಟೆಗೆ ಬರ್ತೀನಿ."

"ಅಷ್ಟೇನಾ? ಕೂತಿರೋದು ನನಗೇನು ಕಷ್ಟ ಮೇಡಂ? ಇಪ್ಪತ್ತಾರು ವರ್ಷದಿಂದ ಅದೇ ಕೆಲಸ."

ಅವಳು ನಕ್ಕು ಹೋದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ನಿಂತಿತೋ ಇಲ್ಲವೋ, ಒಲೆಯ ಮೇಲೆ ಹಾಲಿಟ್ಟದ್ದು ಗುಮಾಸ್ತನಿಗೆ ನೆನಪಾಯಿತು.

ಹಾಲು ಉಕ್ಕಿತು. ಆಮೇಲೆ ಸೀದಿತು. ಗುಮಾಸ್ತ ಕುರ್ಚಿಯಲ್ಲೇ ಕೂತು ಅಡುಗೆಮನೆಯ ಕಡೆ "ಶ್... ಶ್..." ಎಂದ. ಹಾಲಿಗೆ ಅದು ಕೇಳಿಸಲಿಲ್ಲ. ಎದುರುಮನೆಯ ಹೆಡ್‌ಮೇಡಂಗೆ ವಾಸನೆ ಬಡಿಯಿತು. ಶಾಲೆಯಿಂದ ನಿವೃತ್ತರಾಗಿ ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯಾಗಿದ್ದವರು ಅವರು. ಮಕ್ಕಳು ಸಿಗದ ಮೇಲೆ ಬಾಡಿಗೆದಾರರನ್ನೇ ತಿದ್ದುತ್ತಿದ್ದರು. ತೆರೆದಿದ್ದ ಬಾಗಿಲಿಂದ ದಾಪುಗಾಲು ಹಾಕಿ ಬಂದು, ಒಲೆ ಆರಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ರೀ ಇದು? ಮನೆಗೆ ಬೆಂಕಿ ಬಿದ್ರೂ ಕುರ್ಚಿ ಬಿಡಲ್ವಾ ನೀವು?"

"ಮೇಡಂ, ಮೆಲ್ಲಗೆ... ಮಲಗಿದಾನೆ," ಎಂದು ಗುಮಾಸ್ತ ಕಣ್ಣಿನಿಂದಲೇ ತೊಡೆಯತ್ತ ತೋರಿಸಿದ.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ನಾಯಿ! ಕೆಳಗೆ ಬೋರ್ಡು ನೋಡ್ಲಿಲ್ವಾ? ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ನನ್ನ ಕೈಯಾರೆ ಬರೆದಿದೀನಿ!"

ಮೇಡಂ ಪಿಸುಗುಟ್ಟಿದರೂ ಮೂರನೇ ಮನೆಗೆ ಕೇಳಿಸುತ್ತದೆ. ಈ ಸಲ ಕೆಳಮನೆಗೆ ಕೇಳಿಸಿತು. ಕೊರಳಲ್ಲಿ ಅಳತೆ ಪಟ್ಟಿ, ಕಿವಿಯಲ್ಲಿ ಸೀಮೆಸುಣ್ಣ ಸಿಕ್ಕಿಸಿಕೊಂಡ ಟೈಲರ್ ಓಡಿಬಂದು, "ಅಯ್ಯೋ, ಎಷ್ಟು ಮುದ್ದಾಗಿದೆ ಸಾರ್! ಇದಕ್ಕೊಂದು ಅಂಗಿ ಹೊಲಿದುಕೊಡ್ಲಾ?" ಎಂದು ನಾಯಿಯ ಬೆನ್ನ ಅಳತೆ ತೆಗೆಯಲು ಹೊರಟ. ಮೇಡಂ ಅವನ ಕೈಗೆ ಪಟ್ಟೆಂದು ಏಟು ಕೊಟ್ಟರು.

"ಮಲಗಿರೋರನ್ನ ಮುಟ್ಟಬಾರದು ಅಂತ ಗೊತ್ತಿಲ್ವಾ? ಎದ್ದ ಮೇಲೆ ಆಚೆ ಕಳಿಸಿದ್ರಾಯ್ತು."

ಅಷ್ಟರಲ್ಲಿ ಗುಮಾಸ್ತನ ಅಂಗಿಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಆಚೆ ಕಡೆ ಸಾಹೇಬರು.

"ಏನಯ್ಯಾ, ಸ್ಟೋರ್ ರೂಮಿನ ಬೀಗದ ಕೈ ಎಲ್ಲಿ?"

ಗುಮಾಸ್ತನ ಜೀವ ಝಲ್ಲೆಂದಿತು. ಬೆಳಿಗ್ಗೆ ರೂಢಿಯಂತೆ ಅದನ್ನು ಜೇಬಿಗೆ ಹಾಕಿಕೊಂಡಿದ್ದ. ಬಲಗಡೆಯ ಜೇಬು. "ಸಾರ್, ಇನ್ನೊಂದು ಕೈ ಇರಬೇಕಲ್ಲ..."

"ಇದೆ. ಸ್ಟೋರ್ ರೂಮಿನ ಒಳಗಡೆ ಮೊಳೆಗೆ ನೇತಾಕಿದೀಯ. ಇಲ್ಲಿ ಬ್ಯಾಂಡಿನವನೊಬ್ಬ ಅಳ್ತಾ ಕೂತಿದಾನೆ. ತುತ್ತೂರಿ ಬಸ್ಸಲ್ಲಿ ಬಿಟ್ಟಿದ್ನಂತೆ, ಮೂರು ಗಂಟೆಗೆ ಕಾರ್ಯಕ್ರಮ ಅಂತೆ. ಈಗಲೇ ಬಾ!"

"ಬರೋಕಾಗಲ್ಲ ಸಾರ್. ಏಳೋ ಹಾಗಿಲ್ಲ."

"ಯಾಕೆ, ಸೊಂಟ ಹಿಡ್ಕೊಂಡಿದ್ಯಾ?"

ಹುಟ್ಟಿದಾರಭ್ಯ ಸಾಹೇಬರಿಗೆ ಸುಳ್ಳು ಹೇಳದ ಗುಮಾಸ್ತ ಒಂದು ಗಳಿಗೆ ನಾಯಿಯ ಮುಖ ನೋಡಿದ. "ಹೂಂ ಸಾರ್. ಹಾಗೇ ಅಂದ್ಕೊಳ್ಳಿ."

ಅರ್ಧ ಗಂಟೆಯಲ್ಲಿ, ಸಾಹೇಬರು ಕೊಟ್ಟ ವಿಳಾಸ ಹಿಡಿದು ಬ್ಯಾಂಡಿನವನೇ ಬಂದು ನಿಂತ. ಹೆಗಲಿನ ಮೇಲೆ ಜರಿ ಕುಚ್ಚು, ಎದೆಯ ಮೇಲೆ ಎರಡು ಸಾಲು ಗುಂಡಿ, ಮುಖ ಮಾತ್ರ ಬಾಡಿದ ಸೊಪ್ಪು. "ಅಣ್ಣಾ, ಇವತ್ತು ನಾನು ಒಬ್ಬನೇ ಊದೋ ಭಾಗ ಇದೆ. ಹನ್ನೆರಡು ವರ್ಷ ಹಿಂದಿನ ಸಾಲಲ್ಲಿ ನಿಂತಿದೀನಿ. ಇವತ್ತು ಮುಂದೆ ಕರೆದಿದಾರೆ," ಎಂದು ಕೈಮುಗಿದ.

ಮುಂದೆ ಕರೆಸಿಕೊಳ್ಳುವ ಆಸೆ ಎಂಥದ್ದೆಂದು ಗುಮಾಸ್ತನಿಗೂ ಗೊತ್ತು. ಎರಡು ಬೆರಳು ಜೇಬಿಗೆ ತೂರಿಸಿದ. ಬಿಗಿ ಜೇಬು ಬೆರಳುಗಳನ್ನು ಹಿಡಿದುಕೊಂಡಿತೇ ವಿನಾ ಬೀಗದ ಕೈ ಬಿಡಲಿಲ್ಲ. ನಾಯಿ ನಿದ್ದೆಯಲ್ಲೇ ಮೂಗು ಮುರಿಯಿತು. ನಾಲ್ವರೂ ಉಸಿರು ಬಿಗಿಹಿಡಿದರು.

"ನಾಯೀನ ಇಳಿಸಿಬಿಡಿ ಅತ್ಲಾಗೆ," ಎಂದರು ಮೇಡಂ.

"ಇಳಿಸಿದರೆ ಹೋಯ್ತು ಮೇಡಂ. ಸಿಗಲ್ಲ." ಗುಮಾಸ್ತ ನಾಯಿಯ ಬೆನ್ನಿಗೆ ಕೈ ಅಡ್ಡ ಹಿಡಿದ. "ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನ ಹತ್ತಿರ ಬಂದು ಏನೂ ಕೇಳದೆ ಕೂತಿದಾರೆ."

ಟೈಲರ್ ಅಂಗಿಯ ತೋಳು ಮಡಚಿದ.

"ಸಾರ್, ಹೊಲಿದೋನು ನಾನು, ಬಿಚ್ಚೋನೂ ನಾನೇ. ಪಕ್ಕದ ಹೊಲಿಗೆ ಬಿಚ್ಚಿ ಕೆಳಗಿಂದ ಕೈ ಹಾಕ್ತೀನಿ. ನೀವು ಅಲುಗಾಡಬೇಡಿ ಅಷ್ಟೇ."

ಮುಂದಿನ ಇಪ್ಪತ್ತು ನಿಮಿಷ ಅಲ್ಲಿ ದೊಡ್ಡ ಆಪರೇಷನ್ನೇ ನಡೆಯಿತು. ಟೈಲರ್ ಮೊಣಕಾಲೂರಿ ಒಂದೊಂದೇ ಹೊಲಿಗೆ ಬಿಚ್ಚಿದ. ಮೇಡಂ ಟಾರ್ಚು ಹಿಡಿದು "ಎಡಕ್ಕೆ, ಎಡಕ್ಕೆ, ಎಡ ಅಂದ್ರೆ ಗೊತ್ತಾಗಲ್ವಾ?" ಎಂದರು. ಬ್ಯಾಂಡಿನವನು ಕಣ್ಣುಮುಚ್ಚಿ ಗೋಡೆಗೆ ತಿರುಗಿ ನಿಂತ. ತೊಡೆಯಿಂದ ಮೊಣಕಾಲಿನವರೆಗೆ ಪ್ಯಾಂಟು ಬಾಯಿ ಬಿಟ್ಟಿತು. ಜೇಬಿನ ತಳ ಕತ್ತರಿಸಿದಾಗ ಬೀಗದ ಕೈ ಟಪ್ಪನೆ ಟೈಲರ್ ಕೈಗೆ ಬಿತ್ತು. ನಾಯಿ ಎದ್ದೇಳಲಿಲ್ಲ. ಬ್ಯಾಂಡಿನವನು ಬೀಗದ ಕೈಗೆ ಮುತ್ತಿಟ್ಟು ಓಡಿದ. ಗುಮಾಸ್ತನ ಕಡೆ ತಿರುಗಿ ನೋಡಲಿಲ್ಲ.

ಒಂದು ಗಂಟೆಗೆ ಎಡಗಾಲು ಜೋಮು ಹಿಡಿಯಿತು. ಒಂದೂವರೆಗೆ ಬಲಗಾಲು. ಎರಡು ಗಂಟೆಗೆ ಕಾಲುಗಳೆರಡೂ ಯಾರದೋ ಅನ್ನಿಸತೊಡಗಿದವು. ಹಸಿವಾಗಿ ಹೊಟ್ಟೆ ಗುರುಗುಟ್ಟಿತು. ಆ ಸದ್ದಿಗೆ ನಾಯಿ ಎದ್ದೀತೆಂದು ಮೇಡಂ ತಾವೇ ತಟ್ಟೆಯಲ್ಲಿ ಊಟ ತಂದು ಚಮಚದಿಂದ ತಿನ್ನಿಸಲು ನಿಂತರು.

"ಬಾಯಿ ತೆಗೀರಿ. ಅಗಿದು ನುಂಗಿ. ಮೈಮೇಲೆ ಚೆಲ್ಕೋಬೇಡಿ." ನಡುನಡುವೆ ಅವರ ಇನ್ನೊಂದು ಕೈ ತಾನಾಗಿ ನಾಯಿಯ ತಲೆ ಸವರುತ್ತಿತ್ತು. "ನಲವತ್ತು ವರ್ಷ ಮಕ್ಕಳಿಗೆ ಸುಮ್ಮನೆ ಕೂತ್ಕೊಳ್ಳಿ ಅಂತ ಗಂಟಲು ಹರ್ಕೊಂಡಿದೀನಿ. ಹೇಳದೇನೇ ಸುಮ್ಮನಿದ್ದೋನು ಇವನೊಬ್ಬನೇ ಕಣ್ರೀ."

"ನಾನೂ ಸುಮ್ಮನೇ ಕೂತಿದೀನಿ ಮೇಡಂ."

"ಬಾಯಲ್ಲಿ ಅನ್ನ ಇಟ್ಕೊಂಡು ಮಾತಾಡಬಾರದು."

ಮೂರು ಗಂಟೆಯ ನಂತರ ಇನ್ನೊಂದು ಒತ್ತಡ ಶುರುವಾಯಿತು. ಅದು ಎಂಥದ್ದೆಂದು ಬರೆಯುವುದು ಬೇಡ. ಬೆಳಿಗ್ಗೆಯಿಂದ ಕೂತಲ್ಲೇ ಕೂತ ಯಾವ ಮನುಷ್ಯನಿಗೂ ಬರುವಂಥದ್ದೇ. ಗುಮಾಸ್ತ ಗಡಿಯಾರ ನೋಡಿದ, ಸೂರು ನೋಡಿದ, ಮನಸ್ಸಿನಲ್ಲೇ ಸ್ಟೋರ್ ರೂಮಿನ ಕೊಡೆಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿದ. ಅಡುಗೆಮನೆಯಲ್ಲಿ ಟೈಲರ್ ನಲ್ಲಿ ತಿರುಗಿಸಿದಾಗ ಮಾತ್ರ ಅವನ ಕಣ್ಣಲ್ಲಿ ನೀರು ಬಂತು.

"ನಲ್ಲಿ ನಿಲ್ಲಿಸೋ, ಮಹಾನುಭಾವ!" ಎಂದ, ಹಲ್ಲು ಕಚ್ಚಿಕೊಂಡು.

"ತಾಳಿದವನು ಬಾಳಿಯಾನು," ಎಂದು ಮೇಡಂ ಸಮಾಧಾನ ಹೇಳಿದರು.

ಸರಿಯಾಗಿ ನಾಲ್ಕಕ್ಕೆ ಆಶ್ರಯಧಾಮದಾಕೆ ಬಂದಳು. ಸೀದ ಹಾಲಿನ ಪಾತ್ರೆ, ಚಿಂದಿಯಾದ ಪ್ಯಾಂಟು, ಕೈಯಲ್ಲಿ ಟಾರ್ಚು ಹಿಡಿದ ಮೇಡಂ, ನಡುವೆ ಬೆವರುತ್ತ ಕೂತ ಗುಮಾಸ್ತ. ಎಲ್ಲ ನೋಡಿದಳು, ಎಲ್ಲ ಕೇಳಿದಳು. ನಾಯಿಯನ್ನು ಎತ್ತಿಕೊಂಡು, "ಮೊದಲು ಹೋಗಿ ಬನ್ನಿ ಸಾರ್," ಎಂದಳು.

ಗುಮಾಸ್ತ ಇಲ್ಲದ ಕಾಲುಗಳ ಮೇಲೆ ಗೋಡೆ ಹಿಡಿದು ಹೋದ. ಬಂದವನ ಮುಖದಲ್ಲಿ ತೀರ್ಥಯಾತ್ರೆ ಮುಗಿಸಿದ ಶಾಂತಿ ಇತ್ತು.

"ಆರು ಗಂಟೆ!" ಅವಳ ಕಣ್ಣು ತುಂಬಿತ್ತು. "ಈ ಪರೀಕ್ಷೆ ಮೂವತ್ತೊಂದು ಜನಕ್ಕೆ ಮಾಡಿದೀನಿ. ಒಬ್ಬರು ಫೋನ್ ಬಂತು ಅಂತ ಎದ್ರು, ಒಬ್ಬರು ಕಾಫಿಗೆ ಎದ್ರು. ಒಂದೂವರೆ ಗಂಟೆ ದಾಟಿದವರೇ ಇಲ್ಲ. ನೀವು ಪಾಸು ಸಾರ್!"

ಟೈಲರ್ ಚಪ್ಪಾಳೆ ತಟ್ಟಿದ. ಗುಮಾಸ್ತ ಕೈಚಾಚಿ, "ಹಾಗಾದರೆ ಕೊಡಿ, ನನ್ನ ಮಗೂನ," ಎಂದ.

"ಇವನನ್ನಾ?" ಅವಳಿಗೆ ನಗು ಬಂತು. "ಇವನಿಗೆ ನೀವ್ಯಾಕೆ ಸಾರ್? ಇವನು ತೊಡೆ ಸಿಕ್ಕರೂ ಮಲಗ್ತಾನೆ, ನೆಲ ಸಿಕ್ಕರೂ ಮಲಗ್ತಾನೆ. ಯಾರ ಮನೆಗೆ ಕೊಟ್ಟರೂ ಹೊಂದ್ಕೋತಾನೆ. ಪರೀಕ್ಷೆ ಇವನದಲ್ಲ, ನಿಮ್ಮದು. ಎರಡು ವರ್ಷದಿಂದ ನಿಮ್ಮಂಥವರಿಗೇ ಕಾಯ್ತಾ ಇದ್ದೆ."

ಕೆಳಗಿಳಿದು ಹೋಗಿ ವ್ಯಾನಿನಿಂದ ಒಂದು ಬುಟ್ಟಿ ತಂದಳು. ಬುಟ್ಟಿಯೊಳಗೆ ಅದೇ ತಳಿಯ, ಆದರೆ ಮುದಿಯಾದ, ಒಂದು ಕಿವಿ ಹರಿದ, ಅಲ್ಲಲ್ಲಿ ಕೂದಲು ಉದುರಿದ ನಾಯಿಯೊಂದು ಮುದುಡಿ ಕೂತಿತ್ತು. ಗುಮಾಸ್ತನನ್ನು ಕಂಡಿದ್ದೇ ಹಲ್ಲು ತೋರಿಸಿತು.

"ಇವನ ತಾಯಿ. ಯಾರೋ ಚೆನ್ನಾಗಿ ಹೊಡೆದಿದಾರೆ ಸಾರ್. ಯಾರ ತೊಡೆಗೂ ಬರಲ್ಲ, ಯಾರನ್ನೂ ಮುಟ್ಟಗೊಡಲ್ಲ. ಎರಡು ಸಲ ಕಚ್ಚಿದಾಳೆ, ಎರಡು ಸಲಾನೂ ನನಗೇ. ತಾನಾಗಿ ಹತ್ತಿರ ಬರೋವರೆಗೂ ಎದುರಿಗೆ ಸುಮ್ಮನೆ ಕೂತಿರೋ ಮನುಷ್ಯ ಬೇಕು ಇವಳಿಗೆ."

"ಎಷ್ಟು ಹೊತ್ತು?" ಎಂದ ಗುಮಾಸ್ತ.

"ದಿನಾ ಸ್ವಲ್ಪ ಸ್ವಲ್ಪ. ಒಂದು ಮೂರು ತಿಂಗಳು ಅಂದ್ಕೊಳ್ಳಿ."

ಬುಟ್ಟಿ ನೆಲಕ್ಕಿಟ್ಟ ಕೂಡಲೇ ಮುದಿ ನಾಯಿ ಬಾಣದಂತೆ ಹೋಗಿ ಮಂಚದಡಿ ಸೇರಿತು. ಒಳಗಿಂದ ಗುರ್ ಎನ್ನುವ ಸದ್ದು ಮಾತ್ರ ಬಂತು.

"ಹಾಗಾದ್ರೆ ಇವನು?" ಎಂದರು ಹೆಡ್‌ಮೇಡಂ. ಕೇಳುವಷ್ಟರಲ್ಲೇ ಹತ್ತಿಯ ಉಂಡೆ ಅವರ ಕಂಕುಳಲ್ಲಿತ್ತು.

"ನಿಮಗೆ ಬೇಕಾ ಅಮ್ಮ? ಧಾರಾಳವಾಗಿ ಇಟ್ಕೊಳ್ಳಿ. ತಾಯಿ ಹತ್ತಿರಾನೇ ಇದ್ದ ಹಾಗೂ ಆಗುತ್ತೆ. ಇಲ್ಲೊಂದು ಸಹಿ ಹಾಕಿ ಸಾಕು."

ಮೇಡಂ ನಿಂತ ಕಾಲಲ್ಲೇ ಸಹಿ ಹಾಕಿದರು. ಹೋಗುವಾಗ ಕೆಳಗಿನ ಬೋರ್ಡು ಕಿತ್ತು ಬಿಸಾಕಲು ಟೈಲರಿಗೆ ಅಪ್ಪಣೆಯಾಯಿತು. ಅವನು ಬಾಗಿಲಲ್ಲಿ ನಿಂತು ಗುಮಾಸ್ತನನ್ನು ಮರುಕದಿಂದ ನೋಡಿದ.

"ಕೊಟ್ಟೋನು ಕೋಡಂಗಿ ಅಂತಾರೆ ಸಾರ್. ಇಲ್ಲಿ ಕೂತೋನು ಕೋಡಂಗಿ ಆದ. ಬೇಡ ಅಂದುಬಿಡಿ, ಇನ್ನೂ ವ್ಯಾನ್ ಹೊರಟಿಲ್ಲ."

ಗುಮಾಸ್ತ ಕಿಟಕಿಯ ತನಕ ಹೋದ. ವ್ಯಾನಿನ ಬಾಗಿಲು ಇನ್ನೂ ತೆರೆದೇ ಇತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಎದುರುಮನೆಯಲ್ಲಿ ಮೇಡಂ ತಮ್ಮ ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು, ಪ್ರತಿ ಸಲವೂ "ಬಂದೆ ಕಂದಾ!" ಎನ್ನುತ್ತಿದ್ದರು, ಪ್ರತಿ ಸಲವೂ ಪುಟ್ಟ ನಾಯಿ ಬೊಗಳಿ ಕುಣಿಯುತ್ತಿತ್ತು. ಅದನ್ನು ಕೇಳಿ ಗುಮಾಸ್ತನಿಗೆ ಹೊಟ್ಟೆ ಉರಿದದ್ದು ನಿಜ. ವ್ಯಾನು ಹೊರಟುಹೋಯಿತು.

ಅವನು ಒಂದು ಬಟ್ಟಲಲ್ಲಿ ನೀರು ತಂದು ಮಂಚದ ಪಕ್ಕದಲ್ಲಿಟ್ಟು, ಮೂರು ಮಾರು ದೂರ ನೆಲದ ಮೇಲೆ ಕೂತ. ಜೋಮು ಬಿಡದ ಕಾಲಿಗೆ ಮತ್ತೆ ಜೋಮು ಹಿಡಿಯಿತು. ಅರ್ಧ ಗಂಟೆಯಾದ ಮೇಲೆ ಮಂಚದಡಿಯಿಂದ ಒಂದು ಮೂಗು ಹೊರಗೆ ಬಂತು. ಆಮೇಲೆ ಎರಡು ಕಣ್ಣು. ಅವು ಕೋಣೆಯನ್ನು ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ನೇರವಾಗಿ ಅವನ ಮುಖವನ್ನೇ ದಿಟ್ಟಿಸಿದವು. ಮುದಿ ನಾಯಿ ಮನಸಾರೆ ಒಂದು ಸಲ "ಗುರ್ರ್" ಎಂದು ಒಳಗೆ ಹೋಯಿತು.

ಗುಮಾಸ್ತ ಗೋಡೆಗೊರಗಿ ನಕ್ಕ. ಇಪ್ಪತ್ತಾರು ವರ್ಷ ಎಷ್ಟೋ ಜನ ಅವನ ಮೇಲೆ ಗುರ್ ಎಂದಿದ್ದರು. ಅವರೆಲ್ಲ ಎಂದದ್ದು ಕೌಂಟರಿಗೆ. ಅವನಿಗೆಂದೇ ಗುರ್ ಎಂದದ್ದು ಇದೇ ಮೊದಲು.

"ಪರವಾಗಿಲ್ಲ ಕಣಮ್ಮಾ, ನಿಧಾನವಾಗಿ ಬಾ," ಎಂದು ಕಾಲು ನೀಡಿ ಕೂತ. "ನಾಳೆ ಭಾನುವಾರ."