ಗೋಡೆಯ ಕಿಟಕಿಗೆ ಅಗುಳಿ ಹಾಕಿದ್ದು

ನಮ್ಮ ಮನೆಯೊಳಗೆ ಗಾಳಿಗೆ ಪ್ರವೇಶವಿಲ್ಲವೆಂದು ಈ ಮೂಲಕ ಸಮಸ್ತರಿಗೂ ತಿಳಿಯಪಡಿಸಲಾಗಿದೆ. ಗಾಳಿ ಒಂಟಿಯಾಗಿ ಬರುವುದಿಲ್ಲ. ಧೂಳು, ಸೊಳ್ಳೆ, ನೆಗಡಿ, ಪಕ್ಕದ ಮನೆಯವರ ಕಣ್ಣು, ಎಲ್ಲವನ್ನೂ ಕಟ್ಟಿಕೊಂಡೇ ಬರುತ್ತದೆ ಎಂಬುದು ಅಜ್ಜಿಯ ತೀರ್ಮಾನ. ಅಜ್ಜಿ ಮನೆಯ ವಾಯು ನಿಯಂತ್ರಣ ಸಮಿತಿಯ ಆಜೀವ ಅಧ್ಯಕ್ಷೆ. ಅಪ್ಪ ಕಾರ್ಯದರ್ಶಿ. ಚಿಕ್ಕಪ್ಪ ಸದಸ್ಯ, ಯಾಕಂದರೆ ಊಟದ ಹೊತ್ತಿಗೆ ಹೇಗೂ ಹಾಜರಿರುತ್ತಾನೆ. ಅಮ್ಮನಿಗೆ ಸಮಿತಿಯಲ್ಲಿ ಜಾಗವಿಲ್ಲ. ಅಡುಗೆಮನೆಯ ಹೊಗೆಯಲ್ಲಿ ಕೆಮ್ಮುವುದರಿಂದಲೇ ಅವಳಿಗೆ ಪುರುಸೊತ್ತಿರಲಿಲ್ಲ.

ನಿಯಮ ಸರಳ. ಕಿಟಕಿ ಇರುವುದು ಒರೆಸಲಿಕ್ಕೆ, ತೆಗೆಯಲಿಕ್ಕಲ್ಲ. ಉಸಿರು ಕಟ್ಟಿದವರು ಬೀದಿಗೆ ಹೋಗಿ ಉಸಿರಾಡಿಕೊಂಡು ಬರತಕ್ಕದ್ದು.

ಅಮ್ಮನ ಕೆಮ್ಮು ಜೋರಾದಾಗ ಡಾಕ್ಟರು ಕೇಳಿದರು, "ಮನೇಲಿ ಕಿಟಕಿ ಇದ್ಯೇನ್ರಿ?"

"ರೂಮಿಗೊಂದಿದೆ ಡಾಕ್ಟ್ರೇ," ಅಂದ ಅಪ್ಪ, ಎದೆಯುಬ್ಬಿಸಿ.

"ಹಾಗಾದ್ರೆ ತೆಗೀರಿ. ಆಗಲ್ಲ ಅಂದ್ರೆ ಇವರನ್ನ ತವರಿಗೆ ಕಳಿಸಿಬಿಡಿ."

ತುರ್ತುಸಭೆ ಸೇರಿತು. "ಅತ್ತಿಗೆ ಹೋದ್ರೆ ಅಡುಗೆ?" ಎಂದು ಚಿಕ್ಕಪ್ಪ ಕೇಳಿದ. ಅವನ ದನಿಯಲ್ಲಿ ಅಷ್ಟು ಕಳವಳವನ್ನು ಮನೆಯವರು ಹಿಂದೆಂದೂ ಕೇಳಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದ್ದರಿಂದ ಹಜಾರದ ಗೋಡೆಯ ಮೇಲೆ ತೆರೆದ ಕಿಟಕಿಯೊಂದನ್ನು ಬರೆಸುವುದೆಂದು ಸರ್ವಾನುಮತದಿಂದ ಠರಾವಾಯಿತು.

ಬೋರ್ಡ್ ಬರೆಯುವವನು ಬಂದ. "ಎಷ್ಟು ತೆಗೆದಿರಲಿ ಅಜ್ಜೀ?"

"ಅರ್ಧ ಸಾಕಪ್ಪ. ಪೂರ್ತಿ ತೆಗೆದ್ರೆ ಬೀದಿಯೋರಿಗೆಲ್ಲ ನಮ್ಮನೆ ಕಾಣ್ಸುತ್ತೆ."

ಅವನು ಹಸಿರು ಗುಡ್ಡ ಬರೆದ, ಮೋಡ ಬರೆದ. ಬಣ್ಣ ಮಿಕ್ಕಿತ್ತೆಂದು ಒಂದು ಕಾಗೆಯನ್ನೂ ಕೂರಿಸಿದ.

ಅಮ್ಮ ಅದನ್ನು ನೋಡಿದಳು. ಸಮಿತಿ ಊಟ ಮಾಡಿ ಗೊರಕೆ ಹೊಡೆಯುತ್ತಿದ್ದಾಗ ಅಡುಗೆಮನೆಯ ನಿಜವಾದ ಕಿಟಕಿಯ ತುಕ್ಕು ಹಿಡಿದ ಚಿಲಕಕ್ಕೆ ಲಟ್ಟಣಿಗೆಯಿಂದ ಎರಡೇಟು ಕೊಟ್ಟು ತೆಗೆದಳು. ಮೇಲೆ ಹಳೇ ಬೆಡ್‌ಶೀಟಿನ ಪರದೆ ಎಳೆದಳು.

ಸಂಜೆ ಅಪ್ಪ ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು, "ಆಹಾ! ಎಂಥಾ ಗಾಳಿ! ಕೊಟ್ಟ ದುಡ್ಡಿಗೆ ಮೋಸವಿಲ್ಲ," ಅಂದ. ಅಮ್ಮನ ಕೆಮ್ಮು ನಿಂತಿತು. ಪಕ್ಕದ ಮನೆಯಾಕೆ ಬಂದು ಕೂತು ಬೆವರಾರಿಸಿಕೊಂಡು, "ನಮಗೂ ಒಂದು ಬರೆಸಿಕೊಡಿ. ಕಾಗೆ ಮಾತ್ರ ಬೇಡ, ಗಲಾಟೆ ಮಾಡುತ್ತೆ," ಎಂದು ಹೇಳಿ ಹೋದಳು.

ಎಲ್ಲ ಸರಿಯಿತ್ತು. ಅಷ್ಟರಲ್ಲಿ ಅಜ್ಜಿ ಸೀನಿದಳು.

ವಿಚಾರಣೆ ಅಲ್ಲೇ ಮುಗಿಯಿತು. "ಮೋಡ ಬರೆದಿದಾನೆ ನೋಡು, ಮನೆಹಾಳ! ಥಂಡಿ ಬರದೆ ಇನ್ನೇನ್ ಬರುತ್ತೆ? ಮುಚ್ಚಿಸೋ ಅದನ್ನ!"

ಬೋರ್ಡಿನವನು ಮತ್ತೆ ಬಂದ. ಗುಡ್ಡ, ಮೋಡ, ಕಾಗೆ ಎಲ್ಲದರ ಮೇಲೂ ಮುಚ್ಚಿದ ಕಿಟಕಿಬಾಗಿಲು ಬರೆದು, "ಅಗುಳಿ ಒಳಗಡೆಯೋ ಹೊರಗಡೆಯೋ?" ಅಂದ.

"ಒಳಗಡೆ ಕಣಯ್ಯಾ," ಅಂದ ಚಿಕ್ಕಪ್ಪ. "ಹೊರಗಡೆ ಇಟ್ಟರೆ ಕಳ್ಳರು ತೆಗೆಯಲ್ವಾ?"

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಮುಚ್ಚಿದ ಮೇಲೂ ಗಾಳಿ ಬಂದರೆ ಹುಡುಕುತ್ತಾರೆ, ಹುಡುಕಿದರೆ ಸಿಗುತ್ತದೆ. ಅವಳ ಹಿಂದೆ ಪರದೆ ಪಟಪಟ ಹಾರುತ್ತಿತ್ತು.

ಅಗುಳಿಯ ಬಣ್ಣ ಒಣಗಿತು. ಅಜ್ಜಿ ಶಾಲು ತೆಗೆದಿಟ್ಟು, ಹಣೆಗೆ ಹಾರಿ ಬಂದ ಕೂದಲು ಹಿಂದಕ್ಕೆ ಸರಿಸಿ, "ಉಸ್ಸಪ್ಪಾ, ಈಗ ಬೆಚ್ಚಗಾಯ್ತು," ಅಂದಳು.

"ಒಂದೆಲೆಯೂ ಅಲ್ಲಾಡ್ತಿಲ್ಲ," ಅಂದ ಅಪ್ಪ, ಹಾರಿಹೋಗುತ್ತಿದ್ದ ಪೇಪರನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು.

ಅಮ್ಮ ಬಂದು ಅದರ ಮೇಲೊಂದು ಲೋಟ ಇಟ್ಟಳು.