ರೈಲಿಗೆ ಕಾಣುವ ಗೋಡೆ

"ಅಜ್ಜಿಗೆ ಬರಿಯಾಕ ಬರ್ತಿತ್ತೇನಜ್ಜಾ?" ಎಂದು ಮೊಮ್ಮಗಳು ಗಂಗೋತ್ರಿ ಬೆಳಿಗ್ಗೆ ಕೇಳಿದ್ದೇ ನೆಪವಾಯಿತು. ಮೂಕಪ್ಪ ಚಹಾ ಅರ್ಧಕ್ಕೇ ಬಿಟ್ಟು, ಕಳೆ ತೆಗೆಯುವ ಕುರುಪಿ ಹಿಡಿದು, ದರೋಜಿ ಕಡೆಯ ಹಳೇ ಸ್ಟೇಷನ್ನಿಗೆ ಹೊರಟ.

ಅಲ್ಲಿ ರೈಲು ನಿಲ್ಲುವುದು ಬಿಟ್ಟು ಇಪ್ಪತ್ತು ವರ್ಷ. ಟಿಕೆಟ್ ಕಿಟಕಿಯಲ್ಲಿ ಬಾವಲಿ, ಮಾಸ್ತರರ ಕೋಣೆಯಲ್ಲಿ ಜಾಲಿಗಿಡ. ಓಡುವ ರೈಲಿನಿಂದ ಕಾಣುವ ಒಂದು ಗೋಡೆಗೆ ಮಾತ್ರ ವರ್ಷಾ ವರ್ಷಾ ಸುಣ್ಣ. ಹರಕು ಧೋತರದ ಮೇಲೆ ಇಸ್ತ್ರಿ ಮಾಡಿದ ಕೋಟು ಹಾಕಿದಂತೆ.

ಅವನು ಅಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದಾಗ ಹೆಂಡತಿ ಎರ್ರೆಮ್ಮ ಬುತ್ತಿ ತರುತ್ತಿದ್ದಳು. ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತ ಹೊಸತರಲ್ಲಿ ಒಂದು ದಿನ ಅದೇ ಗೋಡೆಯ ಮೇಲೆ ಕುಡುಗೋಲಿನ ತುದಿಯಿಂದ ಕೆತ್ತಿ, "ಹೆಸ್ರು ಬರ್ದೀನಿ, ನೋಡ್ರಿ" ಎಂದಿದ್ದಳು. "ಸರಕಾರಿ ಗೋಡಿ! ನನ್ನ ನೌಕ್ರಿ ತೆಗಿಸ್ತಿಯೇನ?" ಎಂದು ರೇಗಿದ ಮೂಕಪ್ಪ, ಓದದೆಯೇ ಸುಣ್ಣ ಬಳಿದುಬಿಟ್ಟಿದ್ದ. ಆಮೇಲೆ ಅವಳು ಬಳಪ ಮುಟ್ಟಲಿಲ್ಲ. ಹೋದ ವರ್ಷ ತೀರಿಹೋದಳು. ಕಾಗದಪತ್ರಗಳಲ್ಲೆಲ್ಲ ಉಳಿದದ್ದು ಹೆಬ್ಬೆಟ್ಟು.

ಕೆರೆದಂತೆ ಸುಣ್ಣ ಹಪ್ಪಳದ ಹಾಗೆ ಎದ್ದಿತು. ಆಡು ಮೇಯಿಸುತ್ತಿದ್ದ ದ್ಯಾಮಕ್ಕ ಬಂದಳು.

"ಏನ್ ಹುಡುಕಾಕತ್ತಿ ಮೂಕಣ್ಣ?"

ಸತ್ತ ಹೆಂಡತಿಯ ಅಕ್ಷರ ಎನ್ನಲು ನಾಚಿಕೆ. "ಏನಿಲ್ಲವ್ವ."

ಹಂಪಿ ಸುತ್ತಿನ ಊರುಗಳಲ್ಲಿ ಹಳೇ ಗೋಡೆ ಕೆರೆಯುವವನು 'ಏನಿಲ್ಲ' ಎಂದರೆ ನಿಧಿ ಎಂದೇ ಲೆಕ್ಕ. ದ್ಯಾಮಕ್ಕ ಫೋನ್ ಮಾಡಿದಳು. ಅರ್ಧ ತಾಸಿನಲ್ಲಿ ಪಕ್ಕದ ಮನೆಯ ಪಂಪಣ್ಣ ಹಾರೆ ಹೊತ್ತು ಬಂದ. ಹಿಂದೆ ಹತ್ತು ಮಂದಿ, ಒಬ್ಬನ ಕೈಯಲ್ಲಿ ನಿಂಬೆಹಣ್ಣು.

"ಸ್ಟೇಷನ್ ಗೋಡ್ಯಾಗ ಯಾವ ರಾಜ ಹೊನ್ನು ಇಟ್ಟಾನಲೇ?" ಎಂದು ಮೂಕಪ್ಪ ಗೋಗರೆದ.

"ಓಡಿಹೋಗೋ ರಾಜ ಸ್ಟೇಷನ್ನಿಗಲ್ದ ಇನ್ನೆಲ್ಲಿಗೆ ಬರ್ತಾನ?" ಎಂದ ಪಂಪಣ್ಣ.

ಅಷ್ಟರಲ್ಲಿ ಬಲತುದಿಯಲ್ಲಿ 'ಪ್ಪ' ಕಂಡಿತು. ಮೂಕಪ್ಪನ ಕೈ ನಿಂತಿತು. ಅವನು ಕಾದಿದ್ದು 'ಮ್ಮ'ಕ್ಕೆ.

"ಶಾಸನ!" ಪಂಪಣ್ಣ ಹಾರೆ ಎತ್ತಿದ. ಮೂಕಪ್ಪ ಗೋಡೆಗೆ ಅಡ್ಡ ನಿಂತು ಉಳಿದದ್ದನ್ನು ಉಗುರಿನಿಂದಲೇ ಕೆರೆದ. ಗುಡ್ಡ ಹತ್ತುವ ಆಡುಗಳಂತೆ ಸೊಟ್ಟಗೆ ಮೂರು ಅಕ್ಷರ: ಮೂಕಪ್ಪ. ನಲವತ್ತು ವರ್ಷ ಅವನನ್ನು 'ಇವರು' ಎಂದಷ್ಟೇ ಅಂದವಳು, ಒಮ್ಮೆಯೂ ಬಾಯಲ್ಲಿ ಹೆಸರೆತ್ತದವಳು ಬರೆದದ್ದು.

ಬೈಕಿನ ಸದ್ದಾಯಿತು. ರೈಲ್ವೆ ಕಾವಲಿನವನು ಸುಣ್ಣದ ಬಕೆಟ್ಟು ಸಮೇತ ಬಂದ. ನಾಳೆ ರೈಲ್ವೆಯ ದೊಡ್ಡ ಸಾಹೇಬರ ರೈಲು ಆ ದಾರಿಯಲ್ಲಿ ಹಾಯುವುದಿತ್ತು. ಜನ ಜಾಲಿಯೊಳಗೆ ಕರಗಿದರು.

"ಯಾವನಲೇ ಗೋಡಿ ಕೆಡಿಸಿದಾಂವ?"

"ಹೆಸ್ರು ಅಲ್ಲೇ ಐತಲ್ರಿ!" ಪಂಪಣ್ಣ ಪೊದೆಯಿಂದ ಕೂಗಿದ.

ಕಾವಲಿನವನು ಮೂಕಪ್ಪನತ್ತ ತಿರುಗಿದ. "ನಿನ್ನ ಹೆಸ್ರೇನು?"

"ಮೂಕಪ್ಪರಿ."

"ನೀನಾ ಬರ್ದಿದ್ದು?"

ಇನ್ನೊಂದು ಹೆಸರು ಹೇಳಿದರೆ ಕೇಸಿನ ಕಾಗದದಲ್ಲಿ ಅವಳು ಸೇರುತ್ತಾಳೆ. "ಹೂನ್ರಿ, ನಾನ."

"ಹಂಗಾದ್ರ ನೀನ ಬಳಿ."

"ಮೊಮ್ಮಗಳಿಗೊಮ್ಮೆ ತೋರಿಸಿ ಬಳೀತೀನ್ರಿ."

"ಇಲ್ಲೇನ್ ಪ್ರದರ್ಶನ ಇಟ್ಟಾರೇನು? ಕೇಸ್ ಬ್ಯಾಡಂದ್ರ ಜಲ್ದಿ!"

ಮೂಕಪ್ಪ ಬ್ರಷ್ಷನ್ನು ಸುಣ್ಣದಲ್ಲಿ ಅದ್ದಿದ. ಮೂರೂ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ಈ ಸಲ ಓದಿ ಬಳಿದ.